ಹಾಸಿನ ಮೇಲಿನ ಮರಿಗೆ ಎಷ್ಟು ಬೇಕು

ಬೆಳೆಯುವ ಬ್ರಾಯ್ಲರ್ ಕೋಳಿಗೆ ಯಾವ ಅಮೈನೋ ಆಮ್ಲ, ಯಾವ ವಯಸ್ಸಿನಲ್ಲಿ, ಎಷ್ಟು ಬೇಕು ಎಂಬುದು ಕೇಳುವವರಿಗೆ ಸಣ್ಣ ಪ್ರಶ್ನೆ. ಆ ಸಣ್ಣ ಪ್ರಶ್ನೆಯೊಡನೆ ಒಂದು ಇಡೀ ಸಂಸಾರವನ್ನೇ ಹೂಡಿ, ಅದರ ಮುನಿಸನ್ನೂ ಮೌನವನ್ನೂ ತಾಳಿಕೊಂಡು, ಕೊನೆಗೆ ಅದರ ಬಾಯಿಂದಲೇ ಉತ್ತರ ಹೊರಡಿಸಿದವರು ನಮ್ಮ ಗುರುಗಳು. ಕೋಳಿ ಪೋಷಣೆಯ ವಿದ್ವಾಂಸರಲ್ಲಿ ಗ್ರಂಥ ಬರೆದವರಿದ್ದಾರೆ, ಪ್ರಯೋಗಾಲಯ ಕಟ್ಟಿದವರಿದ್ದಾರೆ, ದೊಡ್ಡ ಸಭೆಗಳ ಮೊದಲ ಸಾಲಿನಲ್ಲಿ ಕುಳಿತವರಿದ್ದಾರೆ. ಶೆಡ್ಡಿನ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ಮರಿಗಳ ದನಿಯನ್ನು ಮೊದಲು ಕೇಳಿಸಿಕೊಂಡು ಆಮೇಲೆ ಒಳಗೆ ಕಾಲಿಡುವವರು ನಾನು ಕಂಡಂತೆ ಇವರೊಬ್ಬರೇ. ಅವರ ಶಿಷ್ಯೆಯಾಗಿ ಬಂದು ಈಗ ಅದೇ ವಿಭಾಗದಲ್ಲಿ ಪಾಠ ಹೇಳುತ್ತಿರುವ ನನ್ನನ್ನು ಅವರ ಈ ಅಭಿನಂದನಾ ಸಂಪುಟಕ್ಕೆ ಬರೆಯಲು ಸಮಿತಿಯವರು ಕೇಳಿದಾಗ, ಅವರ ಪ್ರಬಂಧಗಳಿಗಿಂತ ಮೊದಲು ಕಣ್ಮುಂದೆ ಬಂದದ್ದು ಬೆಳಗಿನ ಓರೆ ಬಿಸಿಲು, ಆ ಬಿಸಿಲಲ್ಲಿ ತೇಲುತ್ತಿದ್ದ ಮರಿಗಳ ನುಣುಪಾದ ತುಪ್ಪುಳ, ಅದರ ನಡುವೆ ಅಲುಗಾಡದೆ ನಿಂತ ಅವರ ಬಿಳಿಯ ಕೋಟು.

ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ತಕ್ಕಡಿ ಮೇಡಂ’ ಎನ್ನುತ್ತಿದ್ದೆವು. ಮರಿಯನ್ನು ತೂಗಿ ಬಿಡುವವರು, ಮಾತನ್ನು ತೂಗಿ ಆಡುವವರು. ಇನ್ನು ಪರೀಕ್ಷೆಯಲ್ಲಿ ಕೊಡುವ ಅಂಕದ ವಿಷಯವನ್ನಂತೂ ಕೇಳಲೇಬೇಡಿ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರಪಟ್ಟುಕೊಳ್ಳಲಿಲ್ಲ. “ತಕ್ಕಡಿಗೆ ಎರಡು ತಟ್ಟೆ ಇರುತ್ತೆ. ನೀವೆಲ್ಲ ಒಂದರಲ್ಲೇ ಹತ್ತಿ ಕೂತ್ಕೋತೀರಿ, ಅದೇ ತೊಂದರೆ” ಎಂದು ನಕ್ಕಿದ್ದರು.

ನಾನು ಆ ವಿಭಾಗ ಸೇರಿದಾಗ ನನ್ನ ಸೋದರಮಾವ, “ಕೋಳಿಗೆ ಕಾಳು ಹಾಕೋಕೂ ಡಿಗ್ರಿ ಬೇಕಾ?” ಎಂದು ಮನೆಮಂದಿಯ ಎದುರು ಕಾಲೆಳೆದಿದ್ದರು. ಆ ಮಾತು ಒಳಗೇ ಕೊರೆಯುತ್ತಿದ್ದುದರಿಂದಲೋ ಏನೋ, ಮೊದಲ ವಾರವೇ ಮೇಡಂ ಮುಂದೆ ಬಾಯಿಬಿಟ್ಟೆ. ಅವರು ಮೇಜಿನ ಖಾನೆಯಿಂದ ಬಣ್ಣದ ಮಣಿಗಳ ಡಬ್ಬಿಯನ್ನೂ ದಾರವನ್ನೂ ತೆಗೆದರು. ಎರಡು ಬಿಳಿ, ಒಂದು ನೀಲಿ, ಒಂದು ಕೆಂಪು, ಹೀಗೆ ಪೋಣಿಸುತ್ತ ಹೋಗು ಎಂದರು. ಸ್ವಲ್ಪ ಹೊತ್ತಿಗೆ ನನ್ನ ಕೈ ನಿಂತಿತು.

“ಯಾಕೆ ನಿಲ್ಲಿಸಿದೆ?”

“ಕೆಂಪು ಮುಗೀತು, ಮೇಡಂ.”

“ಬಿಳಿ ಇನ್ನೂ ರಾಶಿ ಇದೆಯಲ್ಲ?”

“ಇದ್ರೂ ಸರ ಮುಂದಕ್ಕೆ ಹೋಗಲ್ಲ.”

“ಕೋಳಿ ಮೈಯೂ ಹಾಗೇ. ತಿಂದ ಪ್ರೋಟೀನನ್ನ ಅಮೈನೋ ಆಮ್ಲ ಅನ್ನೋ ಬಿಡಿಬಿಡಿ ಮಣಿ ಮಾಡ್ಕೊಂಡು ತನ್ನ ಸರ ಪೋಣಿಸುತ್ತೆ. ಯಾವ ಮಣಿ ಮೊದಲು ಮುಗಿಯುತ್ತೋ ಅಲ್ಲಿಗೆ ಬೆಳವಣಿಗೆ ನಿಲ್ಲುತ್ತೆ. ಮಿಕ್ಕ ಮಣಿಗಳನ್ನ ಮೈ ಇಟ್ಕೊಳ್ಳಲ್ಲ, ಹೊರಗೆ ಹಾಕುತ್ತೆ. ಶೆಡ್ಡಲ್ಲಿ ಕಣ್ಣುರಿಯೋ ಅಮೋನಿಯಾ ಬರುತ್ತಲ್ಲ, ಅದು ಹಾಗೆ ದಂಡವಾದ ಮಣಿಗಳದ್ದು. ನಿಮ್ಮ ಮಾವನಿಗೆ ಹೇಳಮ್ಮ, ಕಾಳು ಹಾಕೋಕೆ ಡಿಗ್ರಿ ಬೇಡ. ಯಾವ ಮಣಿ ಮುಗೀತು ಅಂತ ಹುಡುಕೋಕೆ ಬೇಕು.”

ಆ ಮಾತನ್ನು ಮಾವನಿಗೆ ಹಾಗೆಯೇ ಒಪ್ಪಿಸಿದೆ. ಅಂದಿನಿಂದ ಅವರು ನನ್ನನ್ನು ಕಂಡಾಗಲೆಲ್ಲ, “ಏನಮ್ಮ, ಕೆಂಪು ಮಣಿ ಸಿಕ್ತಾ?” ಎಂದು ಕೇಳತೊಡಗಿದರು. ಕಾಲೆಳೆಯುವುದು ನಿಲ್ಲಲಿಲ್ಲ, ಧಾಟಿ ಮಾತ್ರ ಬದಲಾಯಿತು.

ಮೇಡಂ ಅವರ ಮನೆ ವಿಭಾಗದ ಹಿಂದಿನ ವಸತಿಗೃಹಗಳ ಕೊನೆಯಲ್ಲಿತ್ತು. ಅವರ ಯಜಮಾನರು ಗಡಿಯಾರ ರಿಪೇರಿಯವರು, ನಮಗೆಲ್ಲ ‘ಗಡಿಯಾರದ ಸರ್’. ಪೇಟೆಯ ಒಂದು ಮಹಡಿ ಮೆಟ್ಟಿಲಿನ ಕೆಳಗೆ, ಮೊಣಕೈ ಚಾಚಿದರೆ ಗೋಡೆಗೆ ತಗಲುವಷ್ಟು ಜಾಗದಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿರುತ್ತಿದ್ದರು. ನಮ್ಮ ವಿಭಾಗದ ಹಳೆಯ ತಕ್ಕಡಿ ಕೈಕೊಟ್ಟಾಗಲೆಲ್ಲ ಅದನ್ನು ಬಿಚ್ಚಿ ಜೋಡಿಸುತ್ತಿದ್ದವರೂ ಅವರೇ. ಮನೆಯಲ್ಲಿ ಇನ್ನೊಬ್ಬರಿದ್ದರು, ಮೇಡಂ ಅವರ ಅತ್ತೆ. ನಾವು ಹೋದಾಗ ಅವರು ಸೊಸೆಯ ಮೇಲೆ ದೂರು ಹೇಳುತ್ತಿದ್ದ ಪರಿಯಲ್ಲೇ ಎಷ್ಟು ಅಭಿಮಾನವಿತ್ತೆಂದರೆ, ನಮಗೆ ನಗು ತಡೆಯಲಾಗುತ್ತಿರಲಿಲ್ಲ. “ಕೋಳಿಗೆ ಲೈಸಿನ್ ಒಂದು ಚೂರು ಕಮ್ಮಿಯಾದ್ರೆ ಇವಳಿಗೆ ಗೊತ್ತಾಗುತ್ತೆ. ನಮ್ಮ ಊಟಕ್ಕೆ ಉಪ್ಪೇ ಹಾಕದಿದ್ರೂ ಗೊತ್ತಾಗಲ್ಲ.” ಒಂದು ಸಂಜೆ ಅದೇ ಅಜ್ಜಿ ಇದ್ದಕ್ಕಿದ್ದಂತೆ ಕೇಳಿದರು: “ಇಷ್ಟು ಜೋಪಾನ ಮಾಡ್ತೀಯ. ಆಮೇಲೆ ಅವು ಹೋಗೋದು ಕಟುಕನ ಅಂಗಡಿಗೇ ಅಲ್ವೇನೇ?”

ಮೇಡಂ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. “ಹೌದು ಅತ್ತೆ. ಅದನ್ನ ತಪ್ಪಿಸೋದು ನನ್ನ ಕೈಲಿಲ್ಲ. ಇರೋಷ್ಟು ದಿನ ಮೈಗೆ ಬೇಕಾದ್ದು ಸಿಗದೆ ಸೊರಗಬಾರದು. ಅಷ್ಟು ನನ್ನ ಕೈಲಿದೆ.”

ಅವರು ಮಾಡಿದ ಉಪಕಾರಗಳನ್ನು ಬರೆಯಹೊರಟರೆ ಈ ಸಂಪುಟವೇ ಸಾಲದು. ಒಂದನ್ನು ಮಾತ್ರ ಹೇಳುತ್ತೇನೆ. ಸಂಶೋಧನೆಯ ನಡುವೆ ನನಗೆ ಹೆಣ್ಣುಮಗು ಹುಟ್ಟಿತು. ಕೂಸನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇಲ್ಲದೆ, ಓದು ಬಿಡುವುದೆಂದು ತೀರ್ಮಾನಿಸಿ ಹೇಳಲು ಹೋದೆ. ಅವರು ಕೇಳಿಸಿಕೊಂಡರು, ಎದ್ದರು, ತಮ್ಮ ಕೊಠಡಿಯ ಪುಸ್ತಕದ ಕಪಾಟನ್ನು ಪಕ್ಕಕ್ಕೆ ತಳ್ಳಿಸಿ ಅಲ್ಲೊಂದು ತೊಟ್ಟಿಲು ಇಡಿಸಿದರು. ನಾನು ಮರಿಗಳನ್ನು ತೂಗುವ ಹೊತ್ತಿನಲ್ಲಿ, ನನ್ನ ಮಗಳನ್ನು ಹೆಗಲಿಗೆ ಹಾಕಿಕೊಂಡು, ಕಂಬಗಳ ನೆರಳು ಬಿದ್ದ ಉದ್ದನೆಯ ಪಡಸಾಲೆಯಲ್ಲಿ ಏನನ್ನೋ ಗುನುಗುತ್ತ ಅವರು ಅತ್ತಿಂದಿತ್ತ ನಡೆಯುತ್ತಿದ್ದರು. ಆ ಗುನುಗು, ಮರಿಗಳ ಕಿಚಿಪಿಚಿ, ಬೇಸಿಗೆಯ ಗಾಳಿ ಮೂರೂ ಬೆರೆತು, ನಾನು ಎಚ್ಚರದಲ್ಲಿದ್ದೇನೋ ತೂಕಡಿಸುತ್ತಿದ್ದೇನೋ ಎಂದು ನನಗೇ ಅನುಮಾನವಾಗುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಹಾಗೆಯೇ ಆಗುತ್ತದೆ.

ಅವರ ಸೇವಾವಧಿಯ ಮುಖ್ಯ ಘಟನೆ ನಡೆದದ್ದು ಅದಾದ ಮರುವರ್ಷ. ಕೋಳಿ ಆಹಾರದಲ್ಲಿ ಸೋಯಾ ಹಿಂಡಿಯನ್ನು ಕಡಿಮೆ ಮಾಡಿ, ಅದರಿಂದ ಕೊರತೆಯಾಗುವ ಅಮೈನೋ ಆಮ್ಲಗಳಾದ ಲೈಸಿನ್ ಮತ್ತು ಮೆಥಿಯೊನಿನ್‌ಗಳನ್ನು ಬೇರೆಯಾಗಿ ಪುಡಿಯ ರೂಪದಲ್ಲಿ ಬೆರೆಸಿ, ಮೇಡಂ ಒಂದು ಹೊಸ ಆಹಾರ ಸಿದ್ಧಪಡಿಸಿದ್ದರು. ನಾವು ಅದನ್ನು ‘ಹಗುರ ಆಹಾರ’ ಎನ್ನುತ್ತಿದ್ದೆವು. ಸುಣ್ಣ ಬಳಿದ ಗೋಡೆಗಳ, ಪ್ರತಿ ತಂಡಕ್ಕೂ ಹೊಸ ಮರದ ಹೊಟ್ಟಿನ ಹಾಸು ಹರಡುವ ನಮ್ಮ ಶೆಡ್ಡಿನಲ್ಲಿ ಆ ಆಹಾರ ತಿಂದ ಮರಿಗಳು ಉಳಿದವುಗಳ ಸಮಕ್ಕೆ ಬೆಳೆದವು. ಕಣ್ಣುರಿ ಹೋಯಿತು, ಶೆಡ್ಡಿನೊಳಗೆ ಕುಳಿತು ಚಹಾ ಕುಡಿಯಬಹುದೆಂದು ನಾವು ತಮಾಷೆ ಮಾಡಿದೆವು, ಒಂದು ದಿನ ನಿಜವಾಗಿಯೂ ಕುಡಿದೆವು. ನಿರ್ದೇಶಕರ ಸಂತೋಷಕ್ಕೆ ಪಾರವಿರಲಿಲ್ಲ. ಸಂಸ್ಥೆಯ ಹೆಸರಿನಲ್ಲಿ ಸುತ್ತಲಿನ ಕೋಳಿ ಸಾಕಣೆದಾರರಿಗೆಲ್ಲ ಆ ಆಹಾರವನ್ನು ಶಿಫಾರಸು ಮಾಡಲಾಯಿತು.

ಬಿಸಿಲು ಏರುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. ಊರಾಚೆ ರೈಲು ಹಳಿಯ ಪಕ್ಕದಲ್ಲಿ ಶೆಡ್ ಇಟ್ಟುಕೊಂಡು, ಅದರಿಂದಲೇ ತನ್ನ ತಂಗಿಯನ್ನು ಓದಿಸುತ್ತಿದ್ದ, ಮರಿಗಳಿಗೆ ನಮ್ಮ ಹಗುರ ಆಹಾರವನ್ನೇ ಹಾಕುತ್ತಿದ್ದ ಒಬ್ಬ ಹೆಂಗಸು. ನಾವೆಲ್ಲ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. “ಮೇಡಂ, ಮರಿಗಳು ತಿನ್ನುತ್ವೆ, ಮಲಗುತ್ವೆ. ಬೆಳೆಯೋದೊಂದು ಮರ್ತೇಹೋಗಿದೆ. ಹೋದ ಸಲವೂ ಹೀಗೇ ಆಯ್ತು. ಈ ಸಲವೂ ಹಿಂಗಾದ್ರೆ ಹ್ಯಾಚರಿಯವರು ನಂಗೆ ಸಾಲಕ್ಕೆ ಮರಿ ಕೊಡೋದನ್ನೇ ನಿಲ್ಲಿಸ್ತಾರೆ, ಶೆಡ್ ಮುಚ್ಚೋದೇ.”

ಮೇಡಂ ನನ್ನನ್ನು ಕರೆದುಕೊಂಡು ನೇರವಾಗಿ ನಿರ್ದೇಶಕರ ಕೊಠಡಿಗೆ ಹೋದರು. ನಿರ್ದೇಶಕರು ಕೆಟ್ಟವರಲ್ಲ, ಸಂಸ್ಥೆಯ ಹೆಸರೆಂದರೆ ಜೀವ ಬಿಡುವವರು. “ಸಾಕೋದು ಗೊತ್ತಿಲ್ಲದೋರು ಆಹಾರದ ಮೇಲೆ ಹಾಕ್ತಾರೆ, ಮೇಡಂ. ಮುಂದಿನ ತಿಂಗಳು ಪೋಷಣಾ ತಜ್ಞರ ಸಭೆ ಇದೆ. ಆಹಾರ ಪ್ರಮಾಣದ ಸಮಿತಿಗೆ ನಿಮ್ಮನ್ನೇ ಅಧ್ಯಕ್ಷರನ್ನಾಗಿ ಮಾಡ್ಬೇಕು ಅಂತಿದ್ದೀವಿ. ಅದೊಂದು ಮುಗೀಲಿ, ಆಮೇಲೆ ಹೋಗಿ ನೋಡೋಣ.”

“ಅಲ್ಲಿವರೆಗೂ ಮರಿಗಳು ಕಾಯಲ್ಲ ಸರ್. ಅವಕ್ಕೆ ಇರೋದೇ ಅಷ್ಟು ದಿನ.”

“ನೀವೀಗ ಅಲ್ಲಿಗೆ ಹೋದ್ರೆ, ನಮ್ಮ ಆಹಾರದಲ್ಲೇ ಏನೋ ಇದೆ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ.”

“ಇದ್ರೆ ಒಪ್ಕೊಳ್ಳೋಣ” ಎಂದು ಹೇಳಿ ಮೇಡಂ ಎದ್ದು ಬಂದರು.

ಅಕ್ಕನ ಶೆಡ್ಡು ಉದ್ದವಾಗಿತ್ತು, ತಗ್ಗಾಗಿತ್ತು. ತಂತಿಬಲೆಯ ಮೂಲಕ ಬಂದ ಬಿಸಿಲು ಹಾಸಿನ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಬಿದ್ದಿತ್ತು. ಆ ಚೌಕಗಳ ಮೇಲೆ ಮರಿಗಳು, ಯಾರೋ ಹೊದಿಕೆ ಹೊದಿಸಿ ಮಲಗಿಸಿದಂತೆ, ಸದ್ದಿಲ್ಲದೆ ಕುಳಿತಿದ್ದವು. ಮೇಡಂ ಒಂದನ್ನು ಅಂಗೈಗೆ ತೆಗೆದುಕೊಂಡರು. ಎದೆ ಕಿರಿದಾಗಿತ್ತು, ರೆಕ್ಕೆಯ ಗರಿ ಹಳೆಯ ಕುಂಚದಂತೆ ಸಿಡಿದಿತ್ತು. ನೀರು ನೋಡಿದರು, ಸರಿಯಾಗಿತ್ತು. ಗಾಳಿ ನೋಡಿದರು, ಪರವಾಗಿಲ್ಲ ಎನ್ನುವಂತಿತ್ತು. ಚೀಲದಿಂದ ಆಹಾರದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು. ಬೆರಕೆಯಲ್ಲಿ ಏನಾದರೂ ಏರುಪೇರಾಗಿರಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದ್ದೆ. ಫಲಿತಾಂಶ ಬಂತು: ಆಹಾರ ಮೇಡಂ ಬರೆದುಕೊಟ್ಟಂತೆಯೇ, ಅಷ್ಟಕ್ಕೆ ಅಷ್ಟೇ ಇತ್ತು.

“ಸರಿ. ಹಾಗಾದ್ರೆ ನಾನು ಬರೆದದ್ದರಲ್ಲೇ ಇದೆ” ಎಂದರು. ಅವರ ದನಿಯಲ್ಲಿ ನೋವಿತ್ತು, ಗಾಬರಿ ಇರಲಿಲ್ಲ. ರಜೆ ಹಾಕಿ ದಿನವೂ ಅಲ್ಲಿಗೇ ಬರತೊಡಗಿದರು.

ಒಂದು ಮಧ್ಯಾಹ್ನ ಗಾಳಿ ಪೂರ್ತಿ ನಿಂತುಹೋಗಿತ್ತು. ಶೆಡ್ಡಿನ ಮೂಲೆಯಲ್ಲಿ ಮಡಿಸಿಟ್ಟ ಖಾಲಿ ಚೀಲಗಳ ಮೇಲೆ ಒರಗಿದ್ದ ಮೇಡಂ ಹಾಗೆಯೇ ನಿದ್ದೆಹೋದರು. ಮರಿಗಳೂ ಮಲಗಿದ್ದವು, ದೂರದ ಹಳಿಯ ಮೇಲಿನ ಗೂಡ್ಸ್ ಗಾಡಿ ಕೂಡ ತೂಕಡಿಸುತ್ತಲೇ ಹೋಗುತ್ತಿದ್ದಂತಿತ್ತು. ನಾನು ಒಂದು ರಟ್ಟಿನ ತುಂಡಿನಿಂದ ಅವರಿಗೆ ಗಾಳಿ ಬೀಸುತ್ತ ಕುಳಿತೆ. ಎಚ್ಚರವಾದಾಗ ಅವರು ಎದ್ದು ಕೂರಲಿಲ್ಲ. ಮಾಡಿನ ಕಡೆ ನೋಡುತ್ತಲೇ ಹೇಳಿದರು.

“ಒಂದು ಓಣಿಯಲ್ಲಿ ಹೋಗ್ತಿದ್ದೆ. ಗೋಡೆಯೆಲ್ಲ ಮೆತ್ತಗೆ, ಒದ್ದೆ. ಆ ಕಡೆ ಈ ಕಡೆ ಗಾರೆ ಕೆಲಸದವರು ನಿಂತಿದ್ರು. ಗೋಡೆಗೆ ಗಾರೆ ಮೆತ್ತುತಾನೇ ಇದ್ರು, ಅದು ಸವೀತಾನೇ ಇತ್ತು. ಮನೆ ಯಾವಾಗ ಕಟ್ತೀರಪ್ಪ ಅಂತ ಕೇಳ್ದೆ. ಮೊದಲು ಗೋಡೆ ಉಳಿಸ್ಕೊಳ್ಳೋದು ಬೇಡ್ವಾ ತಾಯಿ ಅಂದ್ರು.”

ಆಮೇಲೆ ನನ್ನ ಕಡೆ ತಿರುಗಿದರು. “ನಮ್ಮ ಶೆಡ್ಡಲ್ಲಿ ಹಾಸು ಯಾವಾಗ ಬದಲಾಯಿಸ್ತೀವಿ?”

“ಪ್ರತಿ ತಂಡಕ್ಕೂ, ಮೇಡಂ.”

“ಅಕ್ಕ, ನೀವು?”

ನೀರಿನ ಕೊಡ ಹೊತ್ತು ಬರುತ್ತಿದ್ದ ಅಕ್ಕ ಅಲ್ಲೇ ನಿಂತರು. “ವರ್ಷಕ್ಕೊಂದು ಸಲ ಆದ್ರೆ ದೊಡ್ಡದು, ಮೇಡಂ. ಅಷ್ಟು ಹೊಟ್ಟು ಎಲ್ಲಿಂದ ತರ್ಲಿ? ಎಲ್ಲಾರ ಶೆಡ್ಡಲ್ಲೂ ಇಷ್ಟೇ.”

ಮೇಡಂ ಎದ್ದು ಕುಳಿತರು. ಹಳೆಯ ಹಾಸಿನಲ್ಲಿ ಹಿಂದಿನ ತಂಡಗಳ ಸೂಕ್ಷ್ಮಜೀವಿಗಳು ಇರುತ್ತವೆ. ಮರಿಯ ಕರುಳು ಅವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಒಳಗೋಡೆಗೆ ಲೋಳೆಯ ಪದರವನ್ನು ಬಿಡದೆ ಮೆತ್ತುತ್ತದೆ. ಆ ಲೋಳೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಥ್ರಿಯೊನಿನ್ ಎಂಬ ಅಮೈನೋ ಆಮ್ಲ. ಸೋಯಾ ಹಿಂಡಿ ಕಡಿಮೆ ಮಾಡಿದಾಗ ಅದರ ಜೊತೆ ಥ್ರಿಯೊನಿನ್ ಕೂಡ ಕಡಿಮೆಯಾಗಿತ್ತು. ನಾವು ಹಿಂತಿರುಗಿಸಿದ್ದು ಲೈಸಿನ್ ಮತ್ತು ಮೆಥಿಯೊನಿನ್ ಮಾತ್ರ. ನಮ್ಮ ಶುಚಿಯಾದ ಶೆಡ್ಡಿನಲ್ಲಿ ಉಳಿದಷ್ಟೇ ಸಾಕಾಗಿತ್ತು. ಇಲ್ಲಿ ಸಿಕ್ಕಿದ್ದೆಲ್ಲ ಕರುಳಿನ ಗೋಡೆಗೇ ಮುಗಿದು, ಎದೆಗೂ ಗರಿಗೂ ಏನೂ ಉಳಿಯುತ್ತಿರಲಿಲ್ಲ. ಬಿಸಿಲಿಗೆ ಮರಿಗಳು ಮೇವನ್ನೂ ತುಸು ಕಡಿಮೆ ತಿನ್ನುತ್ತಿದ್ದುದರಿಂದ ಕೊರತೆ ಇನ್ನಷ್ಟು ಹೆಚ್ಚಿತ್ತು.

ಈ ಕನಸಿನ ಕತೆಯನ್ನು ಬರೆಯಲೇ ಎಂದು ಮೊನ್ನೆ ಅವರ ಅನುಮತಿ ಕೇಳಿದೆ. “ಬರಿ. ಆದ್ರೆ ಕನಸಿನಿಂದ ವಿಜ್ಞಾನ ಹುಟ್ಟಿತು ಅಂತೆಲ್ಲ ಬರೀಬೇಡ. ಲೋಳೆ ವಿಷಯ ಎಲ್ಲೋ ಓದಿದ್ದೆ, ಮರೆತಿದ್ದೆ. ನಿದ್ದೆಯಲ್ಲಿ ನೆನಪಾಯ್ತು, ಅಷ್ಟೇ” ಎಂದರು.

ನೆನಪಾದರೆ ಸಾಲದು, ನಿಜವೋ ಅಲ್ಲವೋ ನೋಡಬೇಕಿತ್ತು. ಶೆಡ್ಡಿನ ನಡುವೆ ಮೀನಿನ ಬಲೆಯೊಂದನ್ನು ಅಡ್ಡ ಕಟ್ಟಿ, ಒಂದು ಕಡೆಯ ಆಹಾರಕ್ಕೆ ಮಾತ್ರ ಥ್ರಿಯೊನಿನ್ ಬೆರೆಸಿದೆವು. ಅಕ್ಕನಿಗೆ ಅದು ಹಿಡಿಸಲಿಲ್ಲ.

“ಆ ಕಡೆಯವೇನು ಪಾಪ ಮಾಡಿದ್ವು, ಮೇಡಂ? ಔಷಧಿ ಇದ್ಮೇಲೆ ಎಲ್ಲಕ್ಕೂ ಹಾಕಬಾರ್ದಾ?”

“ಔಷಧಿ ಹೌದೋ ಅಲ್ವೋ ಇನ್ನೂ ಗೊತ್ತಿಲ್ಲ ಅಕ್ಕ. ಎಲ್ಲಕ್ಕೂ ಹಾಕಿಬಿಟ್ರೆ ಯಾವತ್ತೂ ಗೊತ್ತಾಗಲ್ಲ. ಇನ್ನೊಂದು ವಾರ ತಡೀರಿ.”

“ನಿಮ್ಮ ಮಾತಿನ ಮೇಲೇ ಆ ಫೀಡ್ ಹಾಕಿದ್ದು, ನಿಮ್ಮ ಮಾತಿನ ಮೇಲೇ ಇದನ್ನೂ ತಡೀತೀನಿ. ಆದ್ರೆ ನನ್ನ ಹೊಟ್ಟೆ ಉರೀತಿದೆ, ಅದನ್ನ ಹೇಳಿರ್ತೀನಿ.”

“ನಂದೂ” ಎಂದರು ಮೇಡಂ.

ಆ ವಾರ ಎಷ್ಟು ನಿಧಾನವಾಗಿ ಸರಿಯಿತೆಂದು ಹೇಳಲಾರೆ. ಬಲೆಯ ಆಚೆ ಈಚೆ ಒಂದೇ ಬಿಸಿಲು, ಒಂದೇ ಹಾಸು. ದಿನಗಳು ಒಂದರೊಳಗೊಂದು ಕರಗಿ, ಇಡೀ ವಾರ ಒಂದೇ ಉದ್ದನೆಯ ಮಧ್ಯಾಹ್ನದಂತೆ ಈಗ ನೆನಪಾಗುತ್ತದೆ. ಮೊದಲು ಬದಲಾದದ್ದು ದನಿ. ಈ ಕಡೆಯ ಮರಿಗಳು ಜಗಳವಾಡತೊಡಗಿದವು. ಆಮೇಲೆ ಗರಿ ಮೆತ್ತಗಾಯಿತು. ವಾರದ ಕೊನೆಗೆ ತೂಗಿದೆವು. ಗಡಿಯಾರದ ಸರ್ ಸರಿಪಡಿಸಿಕೊಟ್ಟಿದ್ದ ತಕ್ಕಡಿಯ ಮುಳ್ಳು ಈ ಕಡೆಯ ಮರಿಗಳಿಗೆ ಮೇಲೇರಿ ನಿಂತಾಗ ಮೇಡಂ ಎರಡನೆಯ ಸಲ ತೂಗಿಸಿದರು. ಮತ್ತೆ ಅಷ್ಟೇ.

“ಇನ್ನು ಬಲೆ ತೆಗೀಲಾ?” ಅಕ್ಕ ಕೇಳಿದರು.

“ತೆಗೀರಿ ಅಕ್ಕ. ಎಲ್ಲಕ್ಕೂ ಹಾಕಿ.”

ಬಲೆ ಬಿದ್ದ ಮೇಲೆ ಎರಡೂ ಕಡೆಯ ಮರಿಗಳು ನಿಧಾನವಾಗಿ ಬೆರೆತುಹೋದವು. ಆ ತಂಡ ಸ್ವಲ್ಪ ತಡವಾಗಿ, ಆದರೆ ಸರಿಯಾದ ತೂಕಕ್ಕೆ ಬಂತು. ಅಕ್ಕನ ಶೆಡ್ ಮುಚ್ಚಲಿಲ್ಲ.

ಸಭೆಗೆ ಮುಂಚೆ ನಿರ್ದೇಶಕರು ಮತ್ತೊಮ್ಮೆ ಕರೆದು, ಈ ಸಂಗತಿಯನ್ನು ಮುಂದಿನ ವರ್ಷ ಹೊಸ ಸಂಶೋಧನೆಯಾಗಿ ಮಂಡಿಸಬಹುದೆಂದೂ, ಈಗ ಎತ್ತಿದರೆ ಸಂಸ್ಥೆಯ ಶಿಫಾರಸನ್ನೇ ತಪ್ಪೆಂದಂತೆ ಆಗುತ್ತದೆಂದೂ ಕೇಳಿಕೊಂಡರು. ಒಂದು ವರ್ಷವೆಂದರೆ ಎಷ್ಟು ತಂಡ ಮರಿಗಳು ಎಂದು ಅವರಿಬ್ಬರಿಗೂ ಗೊತ್ತಿತ್ತು. ಮೇಡಂ ಸಭೆಯಲ್ಲಿ ತಮ್ಮ ಸರದಿ ಬಂದಾಗ ಎದ್ದು ನಿಂತು, ಮೊದಲ ವಾಕ್ಯದಲ್ಲೇ, “ನಾನು ಕೊಟ್ಟ ಪ್ರಮಾಣ ಸಾಕಣೆದಾರರ ಶೆಡ್ಡಿಗೆ ತಪ್ಪಾಗಿದೆ, ದಯವಿಟ್ಟು ಅದನ್ನು ಇಂದೇ ತಿದ್ದಬೇಕು” ಎಂದರು. ಹಿಂದಿನ ಸಾಲಿನಿಂದ ಯಾರೋ ಕೇಳಿದರು: “ಹಾಗಾದರೆ ನಿಮ್ಮ ಪ್ರಯೋಗವೇ ಸುಳ್ಳೇ?”

“ಸುಳ್ಳಲ್ಲ. ಯಾರೂ ವಾಸವಿಲ್ಲದ ಮನೆಯಲ್ಲಿ ಅಳತೆ ತೆಗೆದಿದ್ದೆ.”

ಅಧ್ಯಕ್ಷತೆ ಬೇರೆಯವರಿಗೆ ಹೋಯಿತು. ಕೆಲವು ವಾರಗಳಲ್ಲಿ ಶೆಡ್ಡಿನ ಬೀಗದ ಕೈಯೂ ಬೇರೆಯವರ ಪಾಲಾಗಿ, ಮೇಡಂ ಮೊದಲ ವರ್ಷದವರಿಗೆ ಪಾಠ ಹೇಳುವುದಕ್ಕಷ್ಟೇ ಸೀಮಿತರಾದರು. ಆ ಸುದ್ದಿ ಬಂದ ಸಂಜೆ ನಾನು ಅವರ ಮನೆಯಲ್ಲಿದ್ದೆ. ಗಡಿಯಾರದ ಸರ್ ಅಂಗಡಿಯಿಂದ ಬಂದು, ಚಪ್ಪಲಿ ಬಿಡುತ್ತ, ಎಲ್ಲವನ್ನೂ ಕೇಳಿಸಿಕೊಂಡರು.

“ಮರಿಗಳು ಎದ್ವಾ?”

“ಎದ್ವು.”

“ಹಾಗಾದ್ರೆ ಬಾ, ಊಟ ಮಾಡೋಣ.”

ಮುಂದಿನ ಅನೇಕ ವರ್ಷಗಳ ರಜೆಯ ದಿನಗಳನ್ನೆಲ್ಲ ಮೇಡಂ ಸಾಕಣೆದಾರರ ಶೆಡ್ಡುಗಳಲ್ಲೇ ಕಳೆದರು. ಮನೆಮನೆಗೂ ಹೋಗಿ ಹೊಸ ಪ್ರಮಾಣ ತಿಳಿಸಿದರು. ಬೈದವರ ಬೈಗುಳವನ್ನು ನಿಂತು ಕೇಳಿದರು. ಕೆಲವರು ಬಾಗಿಲಿಂದಲೇ ವಾಪಸು ಕಳಿಸಿದರೂ ಮರುವಾರ ಮತ್ತೆ ಹೋದರು. ಅಕ್ಕನ ಶೆಡ್ಡೇ ಅವರ ಪ್ರಯೋಗಾಲಯವಾಯಿತು. ಬೇರೆ ಕಡೆಯ ಸಂಶೋಧಕರೂ ಅದೇ ಫಲಿತಾಂಶ ಕಂಡ ಮೇಲೆ, ಹೊಸ ನಿರ್ದೇಶಕರು ಬಂದ ಮೇಲೆ, ನಮ್ಮ ಸಂಸ್ಥೆಯ ಕೈಪಿಡಿಯಲ್ಲಿ ಥ್ರಿಯೊನಿನ್‌ಗೆ ಎರಡು ಪ್ರಮಾಣಗಳು ಅಚ್ಚಾದವು: ಹೊಸ ಹಾಸಿನ ಶೆಡ್ಡಿಗೆ ಒಂದು, ಹಳೆಯ ಹಾಸಿನ ಶೆಡ್ಡಿಗೆ ಇನ್ನೊಂದು. ಬೀಗದ ಕೈ ಹಿಂತಿರುಗಿ ಬಂದ ದಿನ ಮೇಡಂ ಮಾಡಿದ ಮೊದಲ ಕೆಲಸವೆಂದರೆ ಅಕ್ಕನ ಶೆಡ್ಡಿನಿಂದ ಒಂದು ಗಾಡಿ ಹಳೆಯ ಹಾಸು ತರಿಸಿ ನಮ್ಮ ಶೆಡ್ಡಿನಲ್ಲಿ ಸುರಿಸಿದ್ದು. “ಇಷ್ಟು ವರ್ಷ ತೊಳೆದದ್ದೆಲ್ಲ ನೀರಲ್ಲಿ ಹೋಯ್ತು” ಎಂದು ಸಫಾಯಿಯಾಕೆ ತಲೆ ಮೇಲೆ ಕೈಹೊತ್ತು ಕುಳಿತಿದ್ದನ್ನು ನೆನೆದು ನಾವು ಇಂದಿಗೂ ನಗುತ್ತೇವೆ.

ನಿವೃತ್ತಿಯ ದಿನ ಬೀಳ್ಕೊಡುಗೆಯ ಮಾತುಗಳೆಲ್ಲ ಮುಗಿದ ಮೇಲೆ, ಗೇಟಿನವರೆಗೆ ಜೊತೆಯಲ್ಲಿ ನಡೆಯುತ್ತ ನಾನು ಕೇಳಿದೆ: “ಕೋಳಿಗೆ ಎಷ್ಟು ಬೇಕು ಅಂತ ಈಗ ಗೊತ್ತಾಯ್ತಾ, ಮೇಡಂ?”

“ಸರಾಸರಿ ಕೋಳಿಗೆ ಎಷ್ಟು ಬೇಕು ಅಂತ ಗೊತ್ತಾಗಿದೆ. ಸರಾಸರಿ ಕೋಳಿ ಮಾತ್ರ ಇನ್ನೂ ಕಣ್ಣಿಗೆ ಬಿದ್ದಿಲ್ಲ” ಎಂದರು. ಸ್ವಲ್ಪ ದೂರ ನಡೆದ ಮೇಲೆ, “ವ್ಯಾಲಿನ್ ಅನ್ನೋ ಮಣಿ ಒಂದು ಬಾಕಿ ಇದೆ” ಎಂದು ತಮಗೇ ಹೇಳಿಕೊಳ್ಳುವಂತೆ ಸೇರಿಸಿದರು.

ಕಾಲ ಅವರ ಮೇಲೆ ಹಗುರವಾಗಿ ಕೈಯಿಡಲಿ. ಹಾಸಿನ ಮೇಲೆ ಕುಕ್ಕರಗಾಲಲ್ಲಿ ಕೂರುವುದಕ್ಕೆ ಅವರ ಮೊಣಕಾಲು ಇನ್ನೂ ಬಹುಕಾಲ ಒಪ್ಪುತ್ತಿರಲಿ. ಗಡಿಯಾರದ ಸರ್ ಜೊತೆಗಿನ ಸಂಜೆಗಳು ಉದ್ದವಾಗಲಿ. ಅವರನ್ನು ಕಾಡುವುದಕ್ಕೆ ಪ್ರಶ್ನೆಯೊಂದು ಎಂದೂ ಇಲ್ಲದಂತಾಗದಿರಲಿ. ಶಿಷ್ಯರಾದ ನಾವು ಹಾರೈಸುವುದು ಇಷ್ಟೇ. ಉಳಿದದ್ದಕ್ಕೆ ಅಕ್ಕ ಆಗಲೇ ಏರ್ಪಾಡು ಮಾಡಿದ್ದಾರೆ. ತಮ್ಮ ಹೊಸ ಶೆಡ್ಡಿನ ಮೂಡಣ ಭಾಗವನ್ನು ಮೇಡಂ ಅವರ ಪ್ರಯೋಗಕ್ಕೆಂದೇ ಬಿಟ್ಟುಕೊಟ್ಟು ನಿನ್ನೆ ಹೇಳಿಕಳಿಸಿದ್ದಾರೆ: ಸೋಮವಾರ ಮರಿ ಬರುತ್ತವೆ, ಮೇಡಂ ಬೇಗ ಬರಲಿ.